ಲೈಟ್‌ಹೌಸ್ ಎಲ್ಲಿ ಮಾರಾಯ್ರೆ?

ಎಣ್ಣೆಯಲ್ಲಿ ಕರಿದ ಬನ್ಸ್ ತಿಂದ ಕೈಯನ್ನು ಒರೆಸಿಕೊಳ್ಳದೆ ಇನ್ನೊಬ್ಬರ ಚಿತ್ರ ಮುಟ್ಟುವವರಿಗೆ ಏನು ಮಾಡಬೇಕು? ನಿನ್ನೆಯಿಂದ ಇದೊಂದೇ ಯೋಚನೆ ನನಗೆ.

ಕಾಪು ಬೀಚಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ. ಡಾಕ್ಟರು ಹೇಳಿದ್ದು ಶುಗರ್‌ಗೆ, ನಾನು ಹೋಗುವುದು ನೆಮ್ಮದಿಗೆ. ಚಳಿಗಾಲದಲ್ಲಿ ಕೆಲವು ದಿನ ಎಷ್ಟು ಮಂಜು ಅಂದ್ರೆ, 1901ರಿಂದ ಬಂಡೆ ಮೇಲೆ ಅಲುಗಾಡದೆ ನಿಂತಿರುವ ಲೈಟ್‌ಹೌಸ್ ಕೂಡ ರಜೆ ಹಾಕಿ ಹೋದ ಹಾಗೆ ನಾಪತ್ತೆ. ಇದನ್ನು ಬಿಡಿಸಲೇಬೇಕು ಅಂತ ಜಲವರ್ಣಕ್ಕೆ ಅಂತಲೇ ಇರುವ ದಪ್ಪನೆಯ 300 ಜಿಎಸ್‌ಎಂ ಪೇಪರ್ ಪ್ಯಾಡ್ ತಂದೆ. ಆ ದುಡ್ಡಿಗೆ ಎಷ್ಟು ಬಂಗುಡೆ ಬರುತ್ತಿತ್ತು ಅನ್ನುವ ಲೆಕ್ಕ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮಂಜು ಬಿಡಿಸುವುದು ಸುಲಭ, ಏನೂ ಬಿಡಿಸುವುದೇ ಬೇಡ ಅಲ್ವಾ ಅಂದುಕೊಂಡಿದ್ದೆ. ಹಾಳೆ ಒದ್ದೆ ಮಾಡು, ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕಂದು ಬೆರೆಸಿ ಬೂದು ಮಾಡು, ಹರಿಸು. ಆದರೆ ನಮ್ಮ ಗಾಳಿಯಲ್ಲಿ ಹಾಳೆ ಒಣಗಬೇಕಲ್ಲ! ಒಣಗಲಿ ಅಂತ ಕಾಯುತ್ತಾ ಕೂತಾಗಲೇ ಮಾಷ್ಟ್ರು ಬಂದದ್ದು.

ರಿಟೈರ್ ಆದ ಡ್ರಾಯಿಂಗ್ ಮಾಷ್ಟ್ರಾಗಿದ್ದರೆ ಸಹಿಸಬಹುದಿತ್ತು. ಇವರು ಗಣಿತ. ಒಂದು ಕೈಯಲ್ಲಿ ಬನ್ಸ್ ಪೊಟ್ಟಣ, ಇನ್ನೊಂದು ಕೈ ಬೆನ್ನ ಹಿಂದೆ, ಉತ್ತರಪತ್ರಿಕೆ ನೋಡುವ ಹಾಗೆ ಬಗ್ಗಿದರು.

"ಇದರಲ್ಲಿ ಎಂತ ಉಂಟು ಮಾರಾಯ್ರೆ?"

"ಮಂಜು, ಸಾರ್."

"ಲೈಟ್‌ಹೌಸ್ ಎಲ್ಲಿ?"

"ಮಂಜಿನ ಹಿಂದೆ ಉಂಟು."

"ಮತ್ತೆ ಇದು ಕಾಪು ಅಂತ ಗೊತ್ತಾಗುದು ಹೇಗೆ? ನಾಳೆ ಮಲ್ಪೆಯವರು ಬಂದು ನಮ್ಮದು ಅಂದ್ರೆ?"

ಉತ್ತರ ನನ್ನಲ್ಲಿರಲಿಲ್ಲ. ಮಾಷ್ಟ್ರು ಅಷ್ಟಕ್ಕೆ ಬಿಡಲಿಲ್ಲ. "ನಮ್ಮ ಕಟ್ಟಿಂಗೇರಿಯ ಚಿತ್ರಕಾರ ಹೆಬ್ಬಾರರು ನೋಡಿ, ನಾಲ್ಕು ಗೆರೆ ಎಳೆದರೆ ಮನುಷ್ಯ ಕುಣಿಯುತ್ತಿದ್ದ. ನಿಮ್ಮದರಲ್ಲಿ ಸುಮ್ನೆ ನಿಂತವನೂ ಇಲ್ಲ!" ಅಂದವರೇ ಬನ್ಸ್ ಬಾಯಿಗಿಟ್ಟು, ಖಾಲಿಯಾದ ಬೆರಳನ್ನು ನನ್ನ ಹಸಿ ಆಕಾಶದ ಮೇಲಿಟ್ಟು, ಮೇಲಿಂದ ಕೆಳಗೆ ನಿಧಾನವಾಗಿ ಎಳೆದರು. "ಇಲ್ಲಿ ಬರ್ಬೇಕು ಅದು."

ಬಂತು. ಎಣ್ಣೆ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಮೂರು ಸಲ ಬೂದು ಬಳಿದೆ, ಮೂರು ಸಲವೂ ಜಾರಿ ಎರಡೂ ಪಕ್ಕಕ್ಕೆ ಹೋಯಿತು. ಮಧ್ಯದಲ್ಲಿ ಬೆಳ್ಳಗೆ, ನೆಟ್ಟಗೆ ಒಂದು ಕಂಬ.

ನನಗೆ ಬೇಕಿದ್ದದ್ದು ಬೇರೆ. ಮಂಜಿನೊಳಗೆ ಎಲ್ಲೋ ದೋಣಿಯ ಇಂಜಿನ್ ಟಕಟಕ ಅನ್ನುತ್ತದೆ, ದೋಣಿ ಕಾಣುವುದಿಲ್ಲ. ಯಾರೋ ಯಾರನ್ನೋ ಕೂಗುತ್ತಾರೆ. ನಿಂತು ಕೇಳುತ್ತೇವೆ. ಬಿಸಿಲೇರುವ ಹೊತ್ತಿಗೆ ಎಲ್ಲವೂ ಕಾಣುತ್ತದೆ, ಆಮೇಲೆ ಅಲ್ಲಿ ನಿಲ್ಲಬೇಕು ಅನ್ನಿಸುವುದಿಲ್ಲ. ಅದನ್ನು ಬೂದು ಬಣ್ಣದಲ್ಲಿ ಹೇಗೆ ಹಾಕುವುದೋ.

ಸಂಜೆ ಮನೆಗೆ ಬಂದ ಚಿಕ್ಕಮ್ಮ ಚಿತ್ರ ನೋಡಿ, "ಓ, ಕಾಪು ಲೈಟ್‌ಹೌಸ್ ಅಲ್ವಾ? ಚಂದ ಆಗಿದೆ!" ಅಂದರು. ಹನ್ನೊಂದು ವರ್ಷದಲ್ಲಿ ನನ್ನ ಚಿತ್ರವೊಂದು ಏನು ಅಂತ ಯಾರಿಗಾದರೂ ಗೊತ್ತಾದದ್ದು ಇದೇ ಮೊದಲು.

ಇವತ್ತು ಬೆಳಿಗ್ಗೆ ದೂರದಿಂದಲೇ ಮಾಷ್ಟ್ರು ಕೈ ಬೀಸಿದರು, ಕೈಯಲ್ಲಿ ಪೊಟ್ಟಣ. "ಇನ್ನೊಂದು ದೋಣಿ ಹಾಕಿದ್ರೆ ಒಳ್ಳೆಯದಿತ್ತು!"