ನೋಮ್ ಪೆನ್‌ನ ಸಂತೆಯನ್ನೂ ನೋಡಬೇಕು

ಕಾಂಬೋಡಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಅಂಕೋರ್ ವಾಟ್ ನೋಡಿದ ಮೇಲೆ ರಾಜಧಾನಿ ನೋಮ್ ಪೆನ್‌ನಲ್ಲಿ ಒಂದು ದಿನ ತಂಗಿ, ಬೆಳಿಗ್ಗೆ ಟುವೊಲ್ ಸ್ಲೆಂಗ್ ಸೆರೆಮನೆಯನ್ನೂ ಮಧ್ಯಾಹ್ನ ಚೋಯುಂಗ್ ಎಕ್‌ನ ವಧಾಭೂಮಿಯನ್ನೂ ನೋಡಿ, ಭಾರವಾದ ಮನಸ್ಸಿನಿಂದ ವಿಮಾನ ಹತ್ತುತ್ತಾರೆ. ಅವೆರಡನ್ನೂ ನೋಡಲೇಬೇಕು. ಆದರೆ ಅಷ್ಟನ್ನೇ ನೋಡಿದವರಿಗೆ ಆ ನಗರಕ್ಕೆ ಆದದ್ದೇನೆಂಬುದು ಪೂರ್ತಿ ತಿಳಿಯುವುದಿಲ್ಲ ಎಂದು, ಅಲ್ಲಿಗೆ ಹೋಗಿಬಂದ ಮೇಲೆ, ನನಗೆ ಬಲವಾಗಿ ಅನ್ನಿಸಿದೆ.

1975ರ ಏಪ್ರಿಲ್ 17ರಂದು ನಗರವನ್ನು ವಶಪಡಿಸಿಕೊಂಡ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆಗಳು, ಅಮೆರಿಕದ ವಿಮಾನಗಳು ಬಾಂಬ್ ಹಾಕಲಿವೆ, ಎರಡು ಮೂರು ದಿನಗಳ ಮಟ್ಟಿಗೆ ಹೊರಡಿ ಎಂದು ನಂಬಿಸಿ, ಸುಮಾರು 20 ಲಕ್ಷ ಜನರನ್ನು, ಆಸ್ಪತ್ರೆಗಳಲ್ಲಿ ಮಲಗಿದ್ದ ರೋಗಿಗಳನ್ನೂ ಬಿಡದೆ, ಹಳ್ಳಿಗಳತ್ತ ನಡೆಸಿದವು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಒಳಬರುವವರೆಗೂ ನಗರ ಹೆಚ್ಚುಕಡಿಮೆ ಬರಿದಾಗಿಯೇ ಉಳಿಯಿತು. ಅಷ್ಟರಲ್ಲಿ ದೇಶದಲ್ಲಿ ಸುಮಾರು 17 ಲಕ್ಷ ಜನ ಸತ್ತಿದ್ದರು. ಖ್ಮೇರ್ ರೂಜ್ ನಾಯಕ ಪೊಲ್ ಪಾಟ್‌ನ ಆಡಳಿತ ಪಟ್ಟಣದ ಬದುಕನ್ನೇ ಅಪರಾಧವೆಂದು ಬಗೆದಿತ್ತು: ಹಣವನ್ನು ರದ್ದುಮಾಡಿತು, ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಿತು, ಮಾರುಕಟ್ಟೆಗಳನ್ನೂ ವಿಹಾರಗಳನ್ನೂ ಮುಚ್ಚಿಸಿತು. ಟುವೊಲ್ ಸ್ಲೆಂಗ್ ಮೊದಲು ಒಂದು ಪ್ರೌಢಶಾಲೆಯಾಗಿತ್ತು. ಅದರ ತರಗತಿಗಳಲ್ಲೇ ಇಟ್ಟಿಗೆಯ ಕಿರುಕೋಣೆಗಳನ್ನು ಕಟ್ಟಿ 14,000ಕ್ಕೂ ಹೆಚ್ಚು ಜನರನ್ನು ಕೂಡಿಹಾಕಲಾಯಿತು, ಬದುಕುಳಿದವರು ಬೆರಳೆಣಿಕೆಯಷ್ಟು. ಅದರ ಮುಖ್ಯಸ್ಥ ಡುಚ್ ಹಿಂದೆ ಗಣಿತದ ಮೇಷ್ಟ್ರಾಗಿದ್ದವನು ಎಂಬುದನ್ನು ಅಲ್ಲಿ ನಿಂತು ನೆನೆಯುವುದು ಬಹಳ ಕಷ್ಟ.

ಇದನ್ನು ತಿಳಿದು ಹೊರಬಂದರೆ ಫ್ಸಾರ್ ಥ್ಮೈ ಮಾರುಕಟ್ಟೆ ಬೇರೆಯಾಗಿಯೇ ಕಾಣುತ್ತದೆ. 1937ರಲ್ಲಿ ಕಟ್ಟಿದ ಆ ಹಳದಿ ಗುಮ್ಮಟದ ಕೆಳಗೆ ರಿಯಲ್ ಮತ್ತು ಡಾಲರ್ ನೋಟುಗಳು ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತವೆ, ಬೆಳಿಗ್ಗೆಯೇ ಜನ ಬಿಸಿ ಅಕ್ಕಿ ಶಾವಿಗೆಯ ಸಾರು ಕುಡಿಯುತ್ತಾರೆ, ಹೊರಗೆ ನಮ್ಮ ದೇಶದ ಬಜಾಜ್ ಆಟೊಗಳು ಗಿರಾಕಿಗಾಗಿ ಕಾಯುತ್ತವೆ. ಸಂಜೆ ವಾನ್ ಮೊಲಿವಾನ್ ವಿನ್ಯಾಸಗೊಳಿಸಿದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಅಜ್ಜಿಯರೂ ಕಾಲೇಜು ಹುಡುಗರೂ ಜೋರು ಸಂಗೀತ ಹಾಕಿಕೊಂಡು ಒಟ್ಟಿಗೆ ಕುಣಿಯುತ್ತಾರೆ. ಕೊಳ್ಳುವುದು, ಮಾರುವುದು, ಇಷ್ಟದ ಹಾಡಿಗೆ ಹೆಜ್ಜೆ ಹಾಕುವುದು, ಇವೆಲ್ಲವೂ ಆ ವರ್ಷಗಳಲ್ಲಿ ನಿಷಿದ್ಧವಾಗಿದ್ದವು. ಈ ಗದ್ದಲವನ್ನು ಕಂಡು ‘ಇವರು ಎಲ್ಲವನ್ನೂ ಮರೆತಿದ್ದಾರೆ’ ಎನ್ನುವ ಪ್ರವಾಸಿಗರ ಮಾತನ್ನು ನಾನು ಒಪ್ಪಲಾರೆ. ಮರೆತವರು ಹೊರಗಿನವರು: ಖ್ಮೇರ್ ರೂಜ್ ಪದಚ್ಯುತವಾದ ಮೇಲೂ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಸ್ಥಾನ ವರ್ಷಗಟ್ಟಲೆ ಆ ಕೊಲೆಗಡುಕರ ಕೈಯಲ್ಲೇ ಉಳಿಯಿತು. ವಿಯೆಟ್ನಾಂ ಬೆಂಬಲದಿಂದ ಬಂದ ಹೊಸ ಸರ್ಕಾರಕ್ಕೆ 1980ರಲ್ಲೇ ಮಾನ್ಯತೆ ಕೊಟ್ಟ ಕೆಲವೇ ದೇಶಗಳಲ್ಲಿ ಭಾರತವೂ ಒಂದು ಎಂಬುದು ನನಗೆ ಸಮಾಧಾನದ ಸಂಗತಿ. ಹಳೆಯ ನಾಯಕರ ಮೇಲೆ ನರಮೇಧದ ತೀರ್ಪು ಬಂದದ್ದು 2018ರಲ್ಲಿ. ಆ ವೇಳೆಗೆ ಪೊಲ್ ಪಾಟ್ ಸತ್ತು 20 ವರ್ಷವಾಗಿತ್ತು.

ಇಂದಿನ ನಗರದಲ್ಲಿ ಎಲ್ಲವೂ ಸಂಭ್ರಮವೇ ಎಂದು ನಾನು ಹೇಳುತ್ತಿಲ್ಲ. ಖಾಸಗಿ ಆಸ್ತಿಯನ್ನೇ ಅಳಿಸಿಹಾಕಿದ್ದ ಆಡಳಿತ ಜಮೀನಿನ ದಾಖಲೆಗಳನ್ನೂ ಉಳಿಸಿರಲಿಲ್ಲವಾದ್ದರಿಂದ, 1979ರ ನಂತರ ನಗರಕ್ಕೆ ಬಂದವರು ಸಿಕ್ಕ ಜಾಗದಲ್ಲಿ ಕಾಗದಪತ್ರವಿಲ್ಲದೆ ನೆಲೆಸಿದರು. ಮುಂದೆ ಬೋಂಗ್ ಕಾಕ್ ಕೆರೆಗೆ ಮರಳು ತುಂಬಿ ಬಡಾವಣೆ ಮಾಡಹೊರಟಾಗ ದಡದ ಸಾವಿರಾರು ಕುಟುಂಬಗಳನ್ನು ಎಬ್ಬಿಸಲು ಅಧಿಕಾರಸ್ಥರಿಗೆ ಅದೇ ನೆಪವಾಯಿತು. ಅಲ್ಲಿನ ಹೆಂಗಸರು ಬೀದಿಗಿಳಿದು ಪ್ರತಿಭಟಿಸಿ ಜೈಲಿಗೂ ಹೋದರು. ನೋಮ್ ಪೆನ್‌ಗೆ ಹೋಗುವವರು ಮ್ಯೂಸಿಯಂಗಳ ಜೊತೆಗೆ, ಈಗ ನೆಲವಾಗಿರುವ ಆ ಕೆರೆಯ ಕಡೆಗೂ ಒಮ್ಮೆ ಹೋಗಿ ಬರಲಿ.