ಸೈಕಲ್ ಕಡ್ಡಿಗೆ ಪೇಟೆಂಟ್ ಇಲ್ಲ

ನಿನ್ನೆ ಮನೆಗೆ ಇನ್ನೊಂದು ಶಾಲು ಬಂತು. "ಈ ಸಲ ಹಣ್ಣಿನ ಬುಟ್ಟಿ ಕೊಡಲಿಲ್ಲವೇ?" ಎಂದು ಮನೆಯಾಕೆ ಕೇಳಿದಳು. ಇಡೀ ದಿನದಲ್ಲಿ ನನ್ನ ಕಿವಿಗೆ ಬಿದ್ದ ಉಪಯೋಗದ ಪ್ರಶ್ನೆ ಅದೊಂದೇ.

ನಮ್ಮ ಪೀಣ್ಯದ ಶೆಡ್ಡಿನಿಂದ ಅರ್ಧ ಗಂಟೆ ದಾರಿಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜು. ಹೆಸರು ಬೇಡ. ಅಲ್ಲಿನ ನಾವೀನ್ಯತಾ ದಿನಾಚರಣೆಗೆ ನನ್ನನ್ನು "ಉದ್ಯಮ ತಜ್ಞ" ಎಂದು ಕರೆದಿದ್ದರು. ನನ್ನ ತಜ್ಞತೆ ನಿಮಗೆಲ್ಲ ಗೊತ್ತೇ ಇದೆ: ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನು ಮೂರು, ಎರಡು ಮುದಿ ಲೇತ್, ಹನ್ನೊಂದು ಜನ, ಅದರಲ್ಲಿ ಇಬ್ಬರು ಸೋಮವಾರ ಬರುವುದಿಲ್ಲ. ಮೈಸೂರು ಪೇಟ ತೊಡಿಸಿ ಕೂರಿಸಿದರು. ಪರದೆಯ ಮೇಲೆ ಕಾಲೇಜಿನ ಪೇಟೆಂಟ್ ಸಂಖ್ಯೆ ಪೆಟ್ರೋಲ್ ಬಂಕಿನ ಮೀಟರಿನಂತೆ ಸೊನ್ನೆಯಿಂದ ಏರುತ್ತಾ ಹೋಯಿತು. ಚಪ್ಪಾಳೆ.

ಪಕ್ಕದಲ್ಲಿ ಕುಳಿತಿದ್ದ ಅಧ್ಯಾಪಕರನ್ನು ಮೆಲ್ಲಗೆ ಕೇಳಿದೆ: "ಇವುಗಳಲ್ಲಿ ಎಷ್ಟನ್ನು ಯಾರಾದರೂ ತಯಾರಿಸುತ್ತಿದ್ದಾರೆ ಸಾರ್?"

"ಎಲ್ಲವೂ ಪ್ರಕಟವಾಗಿವೆ ಸಾರ್" ಎಂದರು.

ನಾನು ಕೇಳಿದ್ದೇನು, ಅವರು ಹೇಳಿದ್ದೇನು! ಪ್ರಕಟವಾಗುವುದು ಎಂದರೆ ಏನೆಂದು ನನಗೂ ಸ್ವಲ್ಪ ಗೊತ್ತು. ನಮ್ಮ ದೇಶದಲ್ಲಿ ಪೇಟೆಂಟ್ ಅರ್ಜಿ ಹಾಕಿದರೆ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ. ಅವಸರವಿದ್ದರೆ ಶುಲ್ಕ ಕಟ್ಟಿ ಮೊದಲೇ ಪ್ರಕಟಿಸಿಕೊಳ್ಳಬಹುದು. ಅದರಲ್ಲಿ ಹೊಸತೇನಾದರೂ ಇದೆಯೇ ಎಂದು ಪರೀಕ್ಷಿಸುವುದು ಬೇರೆಯೇ ಹಂತ, ಮಂಜೂರಾತಿ ಅದರ ನಂತರದ ಮಾತು. ಪ್ರಕಟವಾಯಿತು ಎಂದು ಹಿಗ್ಗುವುದು, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಊರು ತಲುಪಿದೆ ಎಂದ ಹಾಗೆ. ಆದರೆ ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಲೆಕ್ಕದಲ್ಲಿ ಮಂಜೂರಾದದ್ದರ ಜೊತೆಗೆ ಪ್ರಕಟವಾದದ್ದಕ್ಕೂ ಅಂಕವಿದೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ಶೇ 80ರಷ್ಟು ಇಳಿಸಿದರು. ಉದ್ದೇಶ ಒಳ್ಳೆಯದೇ. ಅರ್ಜಿ ಅಗ್ಗವಾಯಿತು, ಅಂಕ ಸಿಗುತ್ತದೆ. ಇನ್ನು ಕಸದ ಬುಟ್ಟಿಗೊಂದು ಸೆನ್ಸರ್ ಅಂಟಿಸದೆ ಇರುತ್ತಾರೆಯೇ? ನಿನ್ನೆಯ ಪ್ರದರ್ಶನದಲ್ಲೇ ತಾನಾಗಿ ಬಾಯಿ ತೆರೆಯುವ ಕಸದ ಬುಟ್ಟಿಗಳು ಮೂರು ಇದ್ದವು. ಮೂರರ ಹತ್ತಿರವೂ ಚಹಾ ಲೋಟಗಳು ನೆಲದ ಮೇಲೆ ಬಿದ್ದಿದ್ದವು.

ನನ್ನ ಹೊಟ್ಟೆಯುರಿಗೆ ಕಾರಣ ಕಸದ ಬುಟ್ಟಿಯಲ್ಲ. ಎರಡು ವರ್ಷದ ಹಿಂದೆ ಇದೇ ಕಾಲೇಜಿನ ಬಾಗಿಲಿಗೆ ನಾನು ಒಂದು ಕಷ್ಟ ಹೊತ್ತುಕೊಂಡು ಹೋಗಿದ್ದೆ. ಹೈಡ್ರಾಲಿಕ್ ವಾಲ್ವಿನ ಜಾಬ್. ಉದ್ದ ರಂಧ್ರಕ್ಕೆ ಅಡ್ಡ ರಂಧ್ರ ಸೇರುವ ಕಡೆ ಒಳಗೆ ಸಣ್ಣ ಬರ್, ಅಂದರೆ ಕೊರೆದಾಗ ಅಂಚಿಗೆ ಅಂಟಿಕೊಳ್ಳುವ ಲೋಹದ ಎಸಳು, ಉಳಿಯುತ್ತಿತ್ತು. ಕಣ್ಣಿಗೆ ಕಾಣುವುದಿಲ್ಲ, ಬೆರಳು ಹೋಗುವುದಿಲ್ಲ. ಗ್ರಾಹಕರ ಕಡೆ ಎಣ್ಣೆಯ ಒತ್ತಡಕ್ಕೆ ಅದು ಕಿತ್ತು ಬಂದು ಸಿಕ್ಕಿಕೊಂಡರೆ ಇಡೀ ಲಾಟ್ ವಾಪಸ್. ಡ್ರಾಯಿಂಗ್, ಮಾದರಿ ಎಲ್ಲ ಒಯ್ದು ಮೆಕ್ಯಾನಿಕಲ್ ವಿಭಾಗದಲ್ಲಿ ಕುಳಿತೆ. ಕಾಫಿ ಕೊಟ್ಟರು. "ಮೊದಲು ಒಡಂಬಡಿಕೆ ಮಾಡಿಕೊಳ್ಳೋಣ" ಎಂದರು. ಆಮೇಲೆ ಪರೀಕ್ಷೆ ಬಂತು, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂತು, ರಜೆ ಬಂತು. ಉತ್ತರ ಮಾತ್ರ ಬರಲಿಲ್ಲ.

ಕೊನೆಗೆ ದಾರಿ ಹುಡುಕಿದ್ದು ನಮ್ಮ ಮೇಸ್ತ್ರಿ. ಏಳನೇ ತರಗತಿ. ಒಂದು ಸೈಕಲ್ ಕಡ್ಡಿಯ ತುದಿಯನ್ನು ಸೀಳಿ, ಅದರಲ್ಲಿ ಉಪ್ಪುಕಾಗದದ ಚೂರು ಸಿಕ್ಕಿಸಿ, ಕೈ ಡ್ರಿಲ್ಲಿಗೆ ಕೊಟ್ಟು ರಂಧ್ರದೊಳಗೆ ತಿರುಗಿಸಿದರು. ಕಾಗದ ಬೇಗ ಸವೆಯುತ್ತದೆ ಎಂದು ಮಾರನೆಯ ದಿನ ಅದರ ಅಗಲ ಬದಲಿಸಿದರು. ಅದರ ಮಾರನೆಯ ದಿನ, ಕಡ್ಡಿ ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ನಿಲ್ಲುವಂತೆ ಒಂದು ಬುಷ್ ಮಾಡಿದರು. ವಾರ ಮುಗಿಯುವಷ್ಟರಲ್ಲಿ ಲಾಟ್ ವಾಪಸ್ ಬರುವುದು ನಿಂತಿತು. "ಹೇಗೆ ಹೊಳೆಯಿತು ನಿಮಗೆ?" ಎಂದರೆ, "ರಾತ್ರಿ ಪಾಳಿಯಲ್ಲಿ ಬೇಜಾರಾಗಿತ್ತು ಸಾರ್" ಎಂದರು.

ಇಂಥ ಉಪಾಯ ಲೇತ್ ಹಿಡಿದವರಿಗೆಲ್ಲ ಹಳೆಯದು, ಪೇಟೆಂಟ್ ಕೇಳಿದರೆ ಕೊಡುವವರೂ ನಗುತ್ತಾರೆ. ನಗಲಿ. ಪರದೆಯ ಮೇಲೆ ಏರಿದ ಆ ಸಂಖ್ಯೆಯಲ್ಲಿ ಒಂದಾದರೂ ಯಾರದಾದರೂ ಒಂದು ಲಾಟನ್ನು ವಾಪಸ್ ಬರದಂತೆ ತಡೆದಿದೆಯೇ? ಇಲ್ಲದಿದ್ದರೆ ಊಟಕ್ಕಿಲ್ಲದ ಉಪ್ಪಿನಕಾಯಿಗೆ ಇಷ್ಟು ಚಪ್ಪಾಳೆ ಏಕೆ?

ಕೆಲವರು ಕಮೆಂಟಿಗೆ ಈಗಾಗಲೇ ಬೆರಳು ಮಸೆಯುತ್ತಿರುತ್ತೀರಿ: ಅಧ್ಯಾಪಕರಿಗೆ ಪಾಠ, ಮೌಲ್ಯಮಾಪನ, ನ್ಯಾಕ್ ಕಡತ, ಇವುಗಳ ನಡುವೆ ಸಮಯವೆಲ್ಲಿದೆ ಎಂದು. ಒಪ್ಪಿದೆ, ಅವರ ಪಾಡು ಪಾಡೇ. ನ್ಯಾಕ್ ಕಚೇರಿ ಇರುವುದೇ ನಮ್ಮ ನಾಗರಬಾವಿಯಲ್ಲಿ, ಬೇಕಾದರೆ ನಾನೇ ಹೋಗಿ ಅವರ ಪರವಾಗಿ ಒಂದು ಅರ್ಜಿ ಕೊಟ್ಟು ಬರುತ್ತೇನೆ. ಆದರೆ ಪೇಟ, ಶಾಲು, ಡ್ರೋನ್ ಕ್ಯಾಮೆರಾ, ಇವಕ್ಕೆಲ್ಲ ಸಿಕ್ಕ ಸಮಯ ನನ್ನ ವಾಲ್ವಿಗೆ ಸಿಗಲಿಲ್ಲವಲ್ಲ?

ಇದೇ ಬೆಂಗಳೂರಿನಲ್ಲಿ ಬೇರೆ ಥರವೂ ನಡೆದಿದೆ. 1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ಘಟಕ ಶುರುಮಾಡಿದರು. ವಿಜ್ಞಾನಿಗಳು ನಮ್ಮ ಕುಣಿಗಲ್ ಸೀಮೆಯ ಉಂಗ್ರಕ್ಕೆ ಹೋಗಿ ಕೆಲಸ ಮಾಡಿದರು. ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿಂದ ಹೊರಟದ್ದು. ನಮ್ಮ ಅಜ್ಜಿಗೆ ಇನ್‌ಸ್ಟಿಟ್ಯೂಟ್ ಎಂದರೆ ಏನೆಂದು ಗೊತ್ತಿರಲಿಲ್ಲ, ಒಲೆ ಗೊತ್ತಿತ್ತು. ನಾನು ಕಲಿತ ರಾಜಾಜಿನಗರದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಂತೂ ಮೊದಲು ಕೈಗೆ ಕೊಟ್ಟದ್ದು ಪುಸ್ತಕವಲ್ಲ, ಅರ. ಅಂಗೈ ಬೊಬ್ಬೆ ಬರುವವರೆಗೆ ಕಬ್ಬಿಣ ತಿಕ್ಕಿಸಿದರು. ಆಗ ಬೈದುಕೊಂಡಿದ್ದೆ, ಈಗ ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಎಂದುಕೊಳ್ಳಬೇಡಿ. ನಾಲ್ಕು ವರ್ಷದ ಹಿಂದೆ ಬೇರೊಂದು ಕಾಲೇಜಿನ ಎಳೆಯ ಅಧ್ಯಾಪಕರೊಬ್ಬರು ಬೈಕಿನಲ್ಲಿ ಶೆಡ್ಡಿಗೆ ಬಂದಿದ್ದರು. ಸಿಎನ್‌ಸಿಯ ಕಂಪನವನ್ನು ಅಳೆದು, ಟೂಲ್ ಯಾವಾಗ ಸವೆಯುತ್ತದೆ ಎಂದು ಮೊದಲೇ ತಿಳಿಯಬಹುದು, ಒಂದು ತಿಂಗಳು ಅವಕಾಶ ಕೊಡಿ ಎಂದರು. ಅಂದು ಡಿಸ್ಪ್ಯಾಚ್ ತಲೆಯ ಮೇಲೆ ಕುಳಿತಿತ್ತು. 45 ದಿನದೊಳಗೆ ಸಣ್ಣ ಉದ್ಯಮಕ್ಕೆ ಹಣ ಕೊಡಬೇಕೆಂದು 2006ರಿಂದ ಕಾನೂನೇ ಇದೆ, ನನಗೆ ನಾಲ್ಕು ತಿಂಗಳಾದರೂ ಬಂದಿರಲಿಲ್ಲ. ಆ ಸಿಟ್ಟನ್ನೆಲ್ಲ ಅವರ ಮೇಲೆ ತೀರಿಸಿಕೊಂಡು, "ನಿಮ್ಮ ಪಿಎಚ್‌ಡಿಗೆ ನನ್ನ ಮಷೀನು ಬಲಿಯೇ?" ಎಂದೆ. ಅವರು ಹೆಲ್ಮೆಟ್ ಹಾಕಿಕೊಂಡು ಹೋದರು, ಮತ್ತೆ ಬರಲಿಲ್ಲ. ಕಳೆದ ತಿಂಗಳು ಟೂಲ್ ಮುರಿದು ಸ್ಪಿಂಡಲ್ ಕೆಟ್ಟಾಗ ಅವರ ನಂಬರಿಗಾಗಿ ಫೋನೆಲ್ಲ ಜಾಲಾಡಿದೆ. ಉಳಿಸಿಕೊಂಡಿರಲೇ ಇಲ್ಲ. ಅಣ್ಣನ ಮಗನಿಗೆ ಇಂಟರ್ನ್‌ಶಿಪ್ ಪತ್ರ ಕೊಟ್ಟವನೂ ನಾನೇ. ಅವನು ಶೆಡ್ಡಿಗೆ ಬಂದದ್ದು ಒಂದೇ ದಿನ, ಅದೂ ಆಯುಧಪೂಜೆಗೆ.

ನಿನ್ನೆಯೂ ಆ ಕಾಲೇಜಿನ ಒಡಂಬಡಿಕೆಗೆ ಸಹಿ ಹಾಕಿದೆ. ಪೇಟ ತೊಟ್ಟವನು ವೇದಿಕೆಯ ಮೇಲೆ ಪೆನ್ನು ಬೇಡ ಎನ್ನುವುದು ಕಷ್ಟ. ಇಂದು ಬೆಳಿಗ್ಗೆ ಮೆಕ್ಯಾನಿಕಲ್ ವಿಭಾಗದಿಂದ ವಾಟ್ಸ್‌ಆ್ಯಪ್ ಮೆಸೇಜ್ ಬಂದಿದೆ: ಒಡಂಬಡಿಕೆಯಡಿ ನಡೆದ ಚಟುವಟಿಕೆಯ ಎರಡು ಫೋಟೊ ಬೇಕಂತೆ, ಸ್ಥಳ ಮತ್ತು ದಿನಾಂಕ ಕಾಣುವಂತೆ. ಸಹಿಯ ಶಾಯಿ ಒಣಗಿ ಇನ್ನೂ ಇಪ್ಪತ್ತು ಗಂಟೆಯಾಗಿಲ್ಲ. ನಾನು ಉತ್ತರ ಬರೆದೆ: "ಸೋಮವಾರ ಬೆಳಿಗ್ಗೆ ಏಳಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಕಳುಹಿಸಿ. ಚಪ್ಪಲಿ ಬೇಡ, ಶೂ ಹಾಕಿರಲಿ. ಹದಿನೈದು ದಿನ ಮೇಸ್ತ್ರಿಯ ಜೊತೆ ನಿಲ್ಲಲಿ. ಫೋಟೊ ನಾನೇ ತೆಗೆದು ಕಳುಹಿಸುತ್ತೇನೆ."

ಈಗ ಸಂಜೆ ಆರೂವರೆ. ಎರಡೂ ಗೆರೆ ನೀಲಿಯಾಗಿವೆ.