ಕತ್ತಲಲ್ಲಿ ಮೊಳಕೆ ಉದ್ದವಾಗುವುದು ಕಾಂಡಕೋಶಗಳಿಂದಲ್ಲ

‘ಕತ್ತಲಲ್ಲಿಟ್ಟ ಮೊಳಕೆ ಇನ್ನೂ ಬೇಗ ಉದ್ದವಾಗುತ್ತೆ, ಅಂದರೆ ಗಿಡದ ಕಾಂಡಕೋಶಗಳಿಗೆ ಬೆಳಕೇ ಬೇಡ’ ಎಂಬ ಸಂದೇಶ ಹರಿದಾಡುತ್ತಿದೆ. ಮೊದಲರ್ಧ ನಿಜ, ಎರಡನೆಯದು ತಪ್ಪು. ಕಾಂಡಕೋಶ ಅಂದರೆ ಗಿಡದ ಕಾಂಡದ ಕೋಶವಲ್ಲ, ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶ (ಸ್ಟೆಮ್ ಸೆಲ್). ಕತ್ತಲಲ್ಲಿ ಮೊದಲೇ ಇದ್ದ ಕೋಶಗಳು ಹಿಗ್ಗುತ್ತವೆ, ಅಷ್ಟೇ. ಚಿಗುರಿನ ತುದಿಯ ಕಾಂಡಕೋಶಗಳು ಆಗ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಹೊಸ ಎಲೆ ಬರದಿರುವುದು ಅದಕ್ಕೇ.

ಬೆಳಕಿನಿಂದ ಗಿಡ ಮಾಡಿಕೊಳ್ಳುವುದು ಸಕ್ಕರೆ ತಾನೇ, ಹಾಗಾದರೆ ಕತ್ತಲಲ್ಲಿ ಸಕ್ಕರೆ ಕೊಟ್ಟರೆ ಸಾಕಲ್ವಾ? ಬೇರಿನ ತುದಿಗೆ ಸಾಕು, ಚಿಗುರಿಗೆ ಸಾಲದು. ಸಾಸಿವೆ ಬಳಗದ ಅರಾಬಿಡಾಪ್ಸಿಸ್ ಗಿಡದಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ. ಬೆಳಕಿನ ಸುದ್ದಿ, ಸಕ್ಕರೆಯ ಸುದ್ದಿ ಎರಡೂ ಟಾರ್ ಎಂಬ ಕಿಣ್ವದಲ್ಲಿ ಸೇರುತ್ತವೆ. ಆಮೇಲೆ ವುಷೆಲ್ ಜೀನ್ ಚುರುಕಾಗಿ ಕಾಂಡಕೋಶಗಳು ಕೆಲಸ ಶುರುಮಾಡುತ್ತವೆ.

ಮಣ್ಣಿನ ನೈಟ್ರೇಟ್ ಕೂಡ ಸುಮ್ನೆ ಕೂರುವುದಿಲ್ಲ. ಅದು ಜಾಸ್ತಿ ಸಿಕ್ಕರೆ ಬೇರಿನಿಂದ ಸೈಟೊಕೈನಿನ್ ಹಾರ್ಮೋನಿನ ಸಂಕೇತ ಮೇಲೇರಿ, ಚಿಗುರಿನ ತುದಿಯೇ ದಪ್ಪವಾಗುತ್ತದೆ.